ತಂಗಿಯ ತೋಳಿನಲ್ಲಿ ಏಳದ ಗಂಟು

ನಮ್ಮತ್ತೆಯನ್ನು ಒಂದು ಪ್ರಶ್ನೆ ಕೇಳಿದರೆ ಉತ್ತರ ನೇರವಾಗಿ ಬರುವುದಿಲ್ಲ. ಹಾಲಿನವನು ಬಂದನಾ ಅಂತ ಕೇಳಿ ನೋಡಿ. ಹಾಲಿನವನ ಎಮ್ಮೆಯನ್ನು ಹೋದ ವರ್ಷ ಕೊಣನೂರು ಸಂತೆಯಲ್ಲಿ ಕೊಂಡದ್ದು, ಕೊಡಿಸಿದ ದಲ್ಲಾಳಿಗೆ ಒಂದು ಕಣ್ಣು ಮಂಜು, ಅವನ ಮಗಳನ್ನು ಕೊಟ್ಟಿರುವ ಊರಿನಲ್ಲಿ ಬಸ್ಸು ನಿಲ್ಲುವುದಿಲ್ಲ, ಇಷ್ಟೆಲ್ಲ ಆಗಿ, ಕೇಳಿದವರು ಚಪ್ಪಲಿ ಮೆಟ್ಟಿ ಗೇಟು ದಾಟಿದ ಮೇಲೆ, ಹಿಂದಿನಿಂದ ಇನ್ನೂ ಬಂದಿಲ್ಲ ಅನ್ನುವುದು ಕೇಳಿಸುತ್ತದೆ. ಅಪ್ಪನ ಅಕ್ಕ ಅವರು. ಗಂಡ ತೀರಿಕೊಂಡ ಮೇಲೆ ಕೊಣನೂರು ಕಡೆಯ ಹಳ್ಳಿಯಿಂದ ಒಂದು ಕಬ್ಬಿಣದ ಪೆಟ್ಟಿಗೆ ಹೊತ್ತುಕೊಂಡು ಅರಕಲಗೂಡಿನ ನಮ್ಮ ಬಾಡಿಗೆ ಮನೆಗೆ ಬಂದವರು ಅಲ್ಲೇ ಉಳಿದರು.

ನಾನು ಅವರಿಗೆ ತದ್ವಿರುದ್ಧ. ನನಗೆ ನಾಲ್ಕು ನಿಮಿಷ ಸಾಕು. ಮೂರನೇ ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸುತ್ತಾರೆ, ನಾಲ್ಕಕ್ಕೆ ಎರಡು ಸಲ, ಅಷ್ಟರಲ್ಲಿ ಎದುರಿನವರನ್ನು ಮುಗಿಸಿ ಕೂತಿರಬೇಕು. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ನಾನು ಹಾಸನದಲ್ಲಿ ಪಿಯುಸಿ ಓದುತ್ತಿದ್ದೆ, ಅದಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆ ಓದುತ್ತಿದ್ದೆ. ನಮ್ಮನ್ನು ತಯಾರು ಮಾಡುತ್ತಿದ್ದ ಇತಿಹಾಸದ ಮೇಷ್ಟ್ರು ಒಂದು ಉಪಾಯ ಕಲಿಸಿದ್ದರು. ಎದುರಾಳಿ ಹೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಕೂರಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ತೋರಿಸಿಬಿಡಿ, ಅರ್ಧ ಗೆದ್ದಂತೆ. ಆ ಉಪಾಯ ನನ್ನ ನಾಲಿಗೆಗೆ ಎಷ್ಟು ಹತ್ತಿತ್ತೆಂದರೆ ಮನೆಯಲ್ಲಿ ಉಪ್ಪು ಕೇಳಿದರೂ ಅದನ್ನೇ ಬಳಸುತ್ತಿದ್ದೆ. ಅತ್ತೆ ನನ್ನನ್ನು ಲಾಯರಮ್ಮ ಅಂತ ಕರೆಯುತ್ತಿದ್ದರು. ಹೊಗಳಿಕೆಯೆಂದೇ ನಾನು ತಿಳಿದಿದ್ದೆ.

ಅಪ್ಪ ಗೊರೂರಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಅವ್ವ ಹೊಳೆನರಸೀಪುರದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರು. ನನ್ನ ಬಸ್ಸು ಬೆಳಿಗ್ಗೆ ಏಳಕ್ಕೆ, ಅವ್ವನದು ಏಳೂವರೆಗೆ, ಅಪ್ಪನದು ಎಂಟೂವರೆಗೆ. ಆಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಮತ್ತು ಏಳು ವರ್ಷದ ನನ್ನ ತಂಗಿ ಇಬ್ಬರೇ. ಅವಳ ಶಾಲೆ ಪಕ್ಕದ ಬೀದಿಯಲ್ಲೇ ಇತ್ತು, ಹತ್ತಕ್ಕೆ ಅತ್ತೆಯೇ ಬಿಟ್ಟುಬರುತ್ತಿದ್ದರು. ಅವಳ ದಿನದಲ್ಲಿ ಏನು ನಡೆಯುತ್ತದೆ ಎಂಬುದು ಅತ್ತೆಗಲ್ಲದೆ ಇನ್ಯಾರಿಗೂ ಗೊತ್ತಿರಲಿಲ್ಲ. ಇಷ್ಟು ಸರಳ ವಿಷಯವನ್ನು ನಾನು ಅರ್ಥ ಮಾಡಿಕೊಳ್ಳುವುದಕ್ಕೆ ಹಿಡಿದ ಕಾಲವನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ.

ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ತಂಗಿಗೆ ದಡಾರ ಬಂತು. ಮೊದಲು ಮೂಗು ಸುರಿಯಿತು, ಕಣ್ಣು ಕೆಂಪಾಗಿ ಬೆಳಕು ಕಂಡರೆ ಮುಚ್ಚಿಕೊಳ್ಳುತ್ತಿದ್ದಳು, ನಾಲ್ಕನೇ ದಿನ ಕಿವಿಯ ಹಿಂದಿನಿಂದ ಕೆಂಪು ದದ್ದು ಮುಖಕ್ಕಿಳಿದು ಎದೆ ಹೊಟ್ಟೆಗೆಲ್ಲ ಹರಡಿತು. ಅತ್ತೆ ಹಣೆಗೆ ಕೈ ಮುಟ್ಟಿಸಿ, ಅಮ್ಮ ಬಂದವಳೆ ಎಂದರು. ನಮ್ಮ ಕಡೆ ಮೈಮೇಲೆ ದದ್ದು ಏಳುವ ಜ್ವರಗಳಿಗೆಲ್ಲ ಹಾಗೇ ಅನ್ನುವುದು. ಅದು ಕಾಯಿಲೆಯಲ್ಲ, ಮಾರಮ್ಮ ಮಗುವಿನ ಮೈಮೇಲೆ ಬಂದು ನಾಲ್ಕು ದಿನ ಇದ್ದು ಹೋಗುವುದು. ಬಾಗಿಲಿಗೆ ಬೇವಿನ ಸೊಪ್ಪು ಬಂತು. ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ತಲೆ ಬಾಚುವ ಹಾಗಿಲ್ಲ, ಬಂದವರು ಒಳಗೆ ಬರುವ ಹಾಗಿಲ್ಲ, ಡಾಕ್ಟರ ಹೆಸರು ಎತ್ತುವ ಹಾಗಿಲ್ಲ.

ನಾನು ಕುದಿದುಹೋದೆ. ಇದೊಂದು ವೈರಸ್ಸು, ಕೆಮ್ಮಿನಿಂದ ಹರಡುತ್ತದೆ, ಮಾರಮ್ಮನಿಗೆ ಬೇರೆ ಕೆಲಸವಿಲ್ಲವೇ ಎಂದೆಲ್ಲ ಒಗ್ಗರಣೆಯಿಲ್ಲದ ಸಾರು ಕಲಸಿಕೊಂಡು ಭಾಷಣ ಮಾಡಿದೆ. ಸಿಟ್ಟು ಅತ್ತೆಯ ಮೇಲಷ್ಟೇ ಅಲ್ಲ. ತಂಗಿಗೆ ಒಂಬತ್ತು ತಿಂಗಳಾದಾಗ ಹಾಕಿಸಬೇಕಾದ ದಡಾರದ ಚುಚ್ಚುಮದ್ದನ್ನು, ಮಗುವಿಗೆ ನೆಗಡಿ ಇದೆ, ಮುಂದಿನ ಸಲ ನೋಡೋಣ ಎಂದು ಬಿಟ್ಟಿದ್ದರಂತೆ. ಮುಂದಿನ ಸಲ ಬರಲೇ ಇಲ್ಲ. ಶಾಲೆಯಲ್ಲಿ ಲಸಿಕೆಯ ಪೋಸ್ಟರು ಅಂಟಿಸುವ ಟೀಚರ ಮನೆಯ ಕತೆ ಇದು. ಅವ್ವನನ್ನು ಇದರ ಬಗ್ಗೆ ಕೇಳಿದರೆ, ನಿನಗೆ ಹಾಕಿಸಿದ್ದೆವಲ್ಲ ಎಂದಳು. ಇದಕ್ಕೆ ಏನು ಹೇಳುತ್ತೀರಿ?

ದದ್ದು ತಾನಾಗಿ ಇಳಿಯಿತು. ಒಂಬತ್ತನೇ ದಿನ ಬೇವು ಅರಿಶಿನದ ನೀರು ಹಾಕಿ ಅತ್ತೆ ಎರಡು ಮಾತು ಹೇಳಿದರು. ಊರ ಹೊರಗಿನ ಮಾರಮ್ಮನಿಗೆ ಮೊಸರನ್ನದ ಎಡೆ ಇಟ್ಟು ಬರಬೇಕು. ಮತ್ತೆ, ಒಂದು ತಿಂಗಳು ಮಗುವಿನ ಮೈ ಹಸಿಯಾಗಿರುತ್ತದೆ, ಅಷ್ಟು ದಿನ ನಾಲ್ಕು ಜನದ ನಡುವೆ ಬಿಡಬಾರದು. ಎರಡನ್ನೂ ನಾನು ಒಂದೇ ಏಟಿಗೆ ಹೊಡೆದುಹಾಕಿದೆ. ಎಡೆ ಇಡದಿದ್ದರೆ ಏನಾಗುತ್ತದೆ, ಇಟ್ಟವರಿಗೆ ಏನಾಗಲಿಲ್ಲ, ಲೆಕ್ಕ ಇಟ್ಟವರು ಯಾರು ಎಂದೆ. ಶಾಲೆಗಳು ಆಗಷ್ಟೇ ಶುರುವಾಗಿದ್ದವು, ಅವ್ವನಿಗೆ ರಜೆ ಇರಲಿಲ್ಲ, ಅಪ್ಪನಿಗೆ ಜಗಳ ಬೇಕಿರಲಿಲ್ಲ. ಎಡೆ ನಿಂತಿತು. ಸೋಮವಾರ ತಂಗಿ ಬ್ಯಾಗು ಹಾಕಿಕೊಂಡು ಶಾಲೆಗೆ ಹೋದಳು.

ಹತ್ತು ದಿನ ಕಳೆದಿರಬೇಕು, ಕೆಮ್ಮು ಶುರುವಾಯಿತು. ಒಣ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಊಟದ ತಟ್ಟೆಯನ್ನು ಗೋಡೆಯ ಕಡೆಗೆ ತಳ್ಳುತ್ತಿದ್ದಳು. ಕುಂಟೆಬಿಲ್ಲೆ ಆಡಲು ಹೋದವಳು ಎರಡು ಮನೆ ಹಾರಿ ಜಗಲಿಯ ಮೇಲೆ ಕೂತುಬಿಡುತ್ತಿದ್ದಳು. ಅವಳ ಲಂಗದ ಲಾಡಿಯನ್ನು ಅತ್ತೆ ದಿನಕ್ಕೊಂದು ಸುತ್ತು ಹೆಚ್ಚು ಬಿಗಿಯುತ್ತಿದ್ದರು. ಮನೆ ಓನರ ಹೆಂಡತಿ ತನ್ನ ಮಕ್ಕಳನ್ನು ನಮ್ಮ ನಲ್ಲಿಯ ಹತ್ತಿರ ಬರದ ಹಾಗೆ ನೋಡಿಕೊಳ್ಳತೊಡಗಿದಳು. ಯಾರ ಬಾಯಲ್ಲೂ ಆ ಪದ ಬರಲಿಲ್ಲ, ಆದರೆ ಬೀದಿಯಲ್ಲಿ ಎಲ್ಲರ ತಲೆಯಲ್ಲೂ ಅದೇ ಇತ್ತು. ಕ್ಷಯ.

ಅತ್ತೆಯ ಪ್ರಕಾರ ಕಾರಣ ಒಂದೇ, ಎಡೆ ಇಟ್ಟಿಲ್ಲ. ಬೆಳಿಗ್ಗೆ ಎದ್ದರೆ ಎಡೆ, ಪಾತ್ರೆ ತೊಳೆದರೆ ಎಡೆ. ನನಗೆ ಕೇಳಿ ಕೇಳಿ ಸಾಕಾಗಿ, ಮಗು ಕೆಮ್ಮುವುದಕ್ಕಿಂತ ಅತ್ತೆ ಎಡೆ ಅನ್ನುವುದೇ ಹೆಚ್ಚು ಕಿರಿಕಿರಿಯಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಒಂದು ಶನಿವಾರ ನಾನೂ ಅತ್ತೆಯೂ ತಂಗಿಯನ್ನು ಅರಕಲಗೂಡಿನಲ್ಲೇ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಒಳ್ಳೆಯ ಮನುಷ್ಯ. ಹೊರಗೆ ಶುಂಠಿ ಗದ್ದೆಯಿಂದ ನೇರ ಬಂದ ಕೆಸರು ಕಾಲಿನವರು ಸಾಲಾಗಿ ಕೂತಿದ್ದರು. ಡಾಕ್ಟರು ತಂಗಿಯ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳಿ, ಕತ್ತಿನ ಪಕ್ಕ ಒತ್ತಿ ನೋಡಿ, ಇದಕ್ಕೆ ಮುಂಚೆ ಮಗುವಿಗೆ ಏನಾದರೂ ಆಗಿತ್ತೇ ಎಂದು ಕೇಳಿದರು. ಪ್ರಶ್ನೆ ಅತ್ತೆಗೇ. ಅತ್ತೆ ಸೆರಗು ಸರಿಮಾಡಿಕೊಂಡು ಶುರುಮಾಡಿದರು.

"ಎಡೆ ಇಕ್ಕಿಲ್ಲ ಸಾ ಇವ್ರು. ನಾ ಏಳ್ದೆ, ಬಂದೋಳ್ನ ಅಂಗೇ ಬರಿಗೈಲಿ ಕಳಿಸ್ಬಾರ್ದು ಅಂತ..."

ಡಾಕ್ಟರು ಅರ್ಥವಾಗದೆ ನನ್ನ ಮುಖ ನೋಡಿದರು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಅತ್ತೆ ಕೊಣನೂರು ಸುತ್ತಿಕೊಂಡಾದರೂ ಬಂದವಳು ಯಾರು ಎಂಬುದಕ್ಕೆ ತಲುಪುತ್ತಿದ್ದರು. ನಾನು ಬಿಡಲಿಲ್ಲ.

"ಅದೆಲ್ಲ ಮನೆಯ ಮೂಢನಂಬಿಕೆ ಸಾರ್. ಅದಕ್ಕೂ ಈ ಕೆಮ್ಮಿಗೂ ಸಂಬಂಧ ಇಲ್ಲ."

ಡಾಕ್ಟರು ನಕ್ಕರು. ಯಾವ ಕಾಲೇಜು ಎಂದು ಕೇಳಿದರು. ಮನೆಗೊಬ್ಬರು ಹೀಗೆ ಓದಿದವರಿದ್ದರೆ ನಮ್ಮ ಕೆಲಸ ಹಗುರ ಎಂದರು. ಅತ್ತೆ ತಂಗಿಯ ಅಂಗಿಯ ಗುಂಡಿ ಹಾಕತೊಡಗಿದರು. ದಡಾರ ಎಂಬ ಪದ ಆ ಕೋಣೆಯಲ್ಲಿ ಹುಟ್ಟಲೇ ಇಲ್ಲ. ನನಗೆ ಅದು ಗೊತ್ತಿತ್ತು. ಮುಚ್ಚಿಡಬೇಕೆಂದೇನೂ ಇರಲಿಲ್ಲ. ಆದರೆ ಆ ಹೊತ್ತಿಗೆ ದಡಾರ ನನ್ನ ತಲೆಯಲ್ಲಿ ಒಂದು ಕಾಯಿಲೆಯಾಗಿ ಉಳಿದಿರಲಿಲ್ಲ, ಅತ್ತೆಯ ವಾದದ ಒಂದು ಅಂಶವಾಗಿಬಿಟ್ಟಿತ್ತು. ಅದನ್ನು ಒಪ್ಪಿದರೆ ಎಡೆಯನ್ನೂ ಒಪ್ಪಬೇಕಾಗುತ್ತದೆ ಎಂಬಂತೆ ಎರಡನ್ನೂ ಒಟ್ಟಿಗೆ ಬಾಗಿಲಾಚೆ ತಳ್ಳಿದ್ದೆ.

ಡಾಕ್ಟರು ಕ್ಷಯದ ಚರ್ಮದ ಪರೀಕ್ಷೆ ಮಾಡಿದರು. ಮುಂಗೈಯ ಒಳಮಗ್ಗುಲಲ್ಲಿ ಸಣ್ಣ ಸೂಜಿಯಿಂದ ಚರ್ಮದಡಿಗೆ ಒಂದು ತೊಟ್ಟು ಮದ್ದು, ಸುತ್ತ ಬಾಲ್‌ಪೆನ್ನಿನಿಂದ ಒಂದು ವೃತ್ತ. ಮೂರು ದಿನದ ಮೇಲೆ ಅಲ್ಲಿ ಗಟ್ಟಿಯಾದ ಗಂಟು ಎದ್ದರೆ ಮಗುವಿನ ಒಳಗೆ ಕ್ಷಯದ ಕ್ರಿಮಿ ಹೊಕ್ಕಿದೆ ಎಂದು ಅರ್ಥ. ಏಳದಿದ್ದರೆ ಬಹುಶಃ ಇಲ್ಲ. ಬಹುಶಃ ಎಂದು ಅವರು ಹೇಳಿದ್ದರು. ನನ್ನ ಕಿವಿ ಆ ಪದವನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಂಡಿತು.

ಮೂರು ದಿನ ತಂಗಿ ಆ ವೃತ್ತಕ್ಕೆ ನೀರು ತಾಗದ ಹಾಗೆ ಕೈ ಎತ್ತಿಕೊಂಡೇ ಸ್ನಾನ ಮಾಡಿದಳು. ನಾನು ಕಂಪಾಸ್ ಪೆಟ್ಟಿಗೆಯ ಸ್ಕೇಲು ಹಿಡಿದು ದಿನವೂ ನೋಡುತ್ತಿದ್ದೆ. ಏನೂ ಇಲ್ಲ. ಸೊಳ್ಳೆ ಕಚ್ಚಿದಷ್ಟು ಗುರುತೂ ಇಲ್ಲ. ಮಂಗಳವಾರ ಡಾಕ್ಟರು ಬೆರಳಿನಿಂದ ಸವರಿ ನೋಡಿ, ನೆಗೆಟಿವ್ ಎಂದರು. ಕೆಮ್ಮಿಗೆ ಸಿರಪ್ಪು, ಒಂದು ವಾರದ ಮಾತ್ರೆ ಬರೆದು, ಹದಿನೈದು ದಿನದಲ್ಲಿ ಕಡಿಮೆಯಾಗದಿದ್ದರೆ ಹಾಸನಕ್ಕೆ ಹೋಗಿ ಎದೆಯ ಎಕ್ಸ್‌-ರೇ ತೆಗೆಸಿ ಎಂದರು.

ಮನೆಗೆ ಬಂದವಳೇ ನಾನು ತಂಗಿಯನ್ನು ಕೈ ಹಿಡಿದು ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಓನರ ಹೆಂಡತಿ ಕೊಡ ತುಂಬಿಸುತ್ತಿದ್ದಳು. ಅವಳ ಮುಂದೆ ತಂಗಿಯ ತೋಳು ಚಾಚಿ, ನೋಡಿ, ಪರೀಕ್ಷೆ ಆಗಿದೆ, ಏನೂ ಇಲ್ಲ ಎಂದೆ. ಅವಳು ನೋಡಿ, ನಾನೇನಂದೆ ಕಣಮ್ಮ ಎಂದು ಕೊಡ ಎತ್ತಿಕೊಂಡು ಹೋದಳು. ತಂಗಿ ಅಲ್ಲೇ ಬಾಗಿ ಕೆಮ್ಮಿದಳು.

ಆ ವಾರವೇ ಚನ್ನರಾಯಪಟ್ಟಣದಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ. ನಂಬಿಕೆ ದೊಡ್ಡದೋ ಪುರಾವೆ ದೊಡ್ಡದೋ ಎಂಬಂಥ ವಿಷಯ. ನಾನು ಪುರಾವೆಯ ಪರ. ಹೋಗುವಾಗ ಬಸ್ಸಿನಲ್ಲಿ ಬರೆದುಕೊಂಡದ್ದನ್ನೆಲ್ಲ ಹರಿದುಹಾಕಿ ವೇದಿಕೆಯ ಮೇಲೆ ನಮ್ಮ ಮನೆಯ ಕತೆಯನ್ನೇ ಹೇಳಿದೆ. ಮಾನ್ಯ ಅಧ್ಯಕ್ಷರೇ, ನಮ್ಮ ಮನೆಯಲ್ಲಿ ಒಬ್ಬ ಹಿರಿಯರು ಮೊಸರನ್ನ ಇಡದ ಕಾರಣ ಮಗು ಕೆಮ್ಮುತ್ತಿದೆ ಎನ್ನುತ್ತಾರೆ. ನಮ್ಮ ಬೀದಿ ಕ್ಷಯ ಎನ್ನುತ್ತದೆ. ನನ್ನ ತಂಗಿಯ ತೋಳು ಇಬ್ಬರಿಗೂ ಉತ್ತರ ಕೊಟ್ಟಿದೆ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಮೊದಲನೇ ಗಂಟೆ ಬಾರಿಸುವವನು ಬಾರಿಸುವುದನ್ನೇ ಮರೆತ. ಮೊದಲ ಬಹುಮಾನದ ಕಪ್ಪನ್ನು ಎರಡು ಬಸ್ಸು ಬದಲಾಯಿಸಿ ತೊಡೆಯ ಮೇಲಿಟ್ಟುಕೊಂಡು ತಂದೆ. ತಂಗಿ ಅದರಲ್ಲಿ ನೀರು ಕುಡಿಯುತ್ತೇನೆ ಎಂದು ಹಟ ಹಿಡಿದಳು. ಎರಡು ಗುಟುಕು ಕುಡಿದು ಕೆಮ್ಮು ಬಂದು ಉಳಿದದ್ದನ್ನು ಮೈಮೇಲೆ ಚೆಲ್ಲಿಕೊಂಡಳು.

ಹದಿನೈದು ದಿನ ಆಯಿತು. ಅತ್ತೆ ಹಾಸನಕ್ಕೆ ಕರಕೊಂಡು ಹೋಗಿ ಅಂದರು. ಮಾರಮ್ಮನ ಗುಡಿಗೂ ಹೋಗಿ ಅಂದರು. ಅವರ ಬಾಯಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬರುತ್ತಿದ್ದವು, ಅದೇ ಅವರ ದುರದೃಷ್ಟ. ಗುಡಿಯನ್ನು ಹೊಡೆದುಹಾಕುವ ಭರದಲ್ಲಿ ಹಾಸನವೂ ಹೋಗುತ್ತಿತ್ತು. ಪರೀಕ್ಷೆಯೇ ಕ್ಷಯ ಇಲ್ಲ ಎಂದ ಮೇಲೆ ಎಕ್ಸ್‌-ರೇ ಯಾಕೆ, ಇದು ದಡಾರದ ನಂತರದ ನಿಶ್ಶಕ್ತಿ ಎಂದು ನಾನು ಅಪ್ಪನಿಗೆ ಹೇಳಿದೆ. ಗಮನಿಸಿ. ಅತ್ತೆಯ ಬಾಯಲ್ಲಿ ಸಂಬಂಧವಿಲ್ಲದಿದ್ದ ದಡಾರ ನನ್ನ ಅನುಕೂಲಕ್ಕೆ ಬೇಕಾದಾಗ ಸಂಬಂಧ ಪಡೆದುಕೊಂಡಿತು. ಮನೆಯಲ್ಲಿ ಇದನ್ನು ಹಿಡಿದು ಕೇಳುವ ಒಬ್ಬ ಎದುರಾಳಿಯೂ ಇರಲಿಲ್ಲವಲ್ಲ ಎಂದು ಈಗ ಸಿಟ್ಟು ಬರುತ್ತದೆ.

ಒಂದು ತಿಂಗಳು ತುಂಬುವ ಹೊತ್ತಿಗೆ ತಂಗಿ ಜಗಲಿಯ ಮೂರು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪ ಯಾರ ವಾದವನ್ನೂ ಕೇಳದೆ ಅವಳನ್ನು ಹೆಗಲಿಗೆ ಹಾಕಿಕೊಂಡು ಏಳರ ಬಸ್ಸು ಹತ್ತಿದರು. ನಾನೂ ಅದೇ ಬಸ್ಸಿನಲ್ಲಿದ್ದೆ. ಅತ್ತೆಯೂ ಹತ್ತಿದರು. ಕಿಟಕಿಯ ಪಕ್ಕ ತಂಗಿ ನಿದ್ದೆ ಮಾಡುತ್ತಿದ್ದಳು, ಅವಳ ಪಕ್ಕೆ ಉಸಿರಿಗೊಮ್ಮೆ ಒಳಗೆ ಹೋಗುವುದು ಫ್ರಾಕಿನ ಮೇಲಿಂದಲೇ ಕಾಣುತ್ತಿತ್ತು.

ಹಾಸನದ ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ಎಕ್ಸ್‌-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇದು ಟಿ.ಬಿ. ಎಂದರು. ನಾನು ಬಾಯಿ ಹಾಕಿದೆ. ಚರ್ಮದ ಪರೀಕ್ಷೆ ನೆಗೆಟಿವ್ ಬಂದಿದೆ ಮೇಡಂ ಎಂದೆ. ಅವರು ಕನ್ನಡಕ ತೆಗೆಯಲೂ ಇಲ್ಲ.

"ಆ ಪರೀಕ್ಷೆಗೆ ಮುಂಚೆ ಮಗುವಿಗೆ ದಡಾರ ಬಂದಿತ್ತಾ?"

ಅತ್ತೆ ನನ್ನ ಕಡೆ ನೋಡಿದರು. ಅಪ್ಪ ಅತ್ತೆಯ ಕಡೆ ನೋಡಿದರು. ನಾನು ಬಂದಿತ್ತು ಎಂದೆ. ಎಷ್ಟು ದಿನ ಮುಂಚೆ? ಮೂರು ವಾರ. ಅಲ್ಲಿಯ ಡಾಕ್ಟರಿಗೆ ಹೇಳಿದಿರಾ? ಇಲ್ಲ. ಯಾಕೆ ಎಂದು ಅವರು ಕೇಳಲಿಲ್ಲ, ಆದರೂ ನಾನೇ ಹೇಳಿದೆ. ಇವರು ಹೇಳಲು ಹೊರಟಿದ್ದರು, ನಾನು ಸಂಬಂಧ ಇಲ್ಲ ಅಂದುಬಿಟ್ಟೆ. ನಾಲ್ಕು ನಿಮಿಷದ ಭಾಷಣಗಳಲ್ಲಿ ನಾನು ಎಂದೂ ಆಡದಿದ್ದ ಥರದ ವಾಕ್ಯ ಅದು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಎದುರು ಮಾತಾಡಬಹುದಿತ್ತು. ಔಷಧಿ ಬರೆಯುತ್ತಲೇ ವಿವರಿಸಿದರು. ಆ ಗಂಟನ್ನು ಎಬ್ಬಿಸುವುದು ಸೂಜಿಯ ಮದ್ದಲ್ಲ, ಮಗುವಿನ ಮೈ. ಕ್ಷಯದ ಕ್ರಿಮಿಯನ್ನು ಮೊದಲೇ ಕಂಡಿರುವ ಮೈಯಾದರೆ ಆ ಒಂದು ತೊಟ್ಟನ್ನು ಗುರುತು ಹಿಡಿದು ಅದರ ಕಾವಲಿನ ಜೀವಕಣಗಳೆಲ್ಲ ಅಲ್ಲಿಗೆ ಓಡಿಬರುತ್ತವೆ, ಗಂಟು ಏಳುತ್ತದೆ. ದಡಾರದ ವೈರಸ್ಸು ಬಡಿಯುವುದು ಆ ಕಾವಲಿನವರನ್ನೇ. ದದ್ದು ಇಳಿದ ಮೇಲೂ ಕೆಲವು ವಾರ ಅವು ಏಳುವುದಿಲ್ಲ. ಆ ಸಮಯದಲ್ಲಿ ಪರೀಕ್ಷೆ ಮಾಡಿದರೆ ತೋಳು ಖಾಲಿ ಇರುತ್ತದೆ. ಅದೇ ಸಮಯದಲ್ಲಿ, ಎಂದೋ ಒಳಗೆ ಸೇರಿ ಸುಮ್ಮನೆ ಮಲಗಿದ್ದ ಕ್ರಿಮಿಯೂ ಹೇಳುವವರು ಕೇಳುವವರು ಇಲ್ಲದೆ ಎದ್ದುಬಿಡುತ್ತದೆ.

"ಖಾಲಿ ತೋಳು ಅಂದ್ರೆ ಕಾಯಿಲೆ ಇಲ್ಲ ಅಂತ ಅಲ್ಲಮ್ಮ. ಹೋರಾಡೋಕೆ ಮಗು ಕೈಲಿ ಆಗ್ತಿರ್ಲಿಲ್ಲ ಅಂತ."

ಚನ್ನರಾಯಪಟ್ಟಣದ ಕಪ್ಪು ನನ್ನ ಕಣ್ಣ ಮುಂದೆ ಬಂತು. ಸಭೆ ನಗುತ್ತಿದ್ದದ್ದು ಕೇಳಿಸಿತು. ಪುರಾವೆ, ಪುರಾವೆ ಎಂದು ಬಡಿದುಕೊಂಡವಳು ನಾನು. ನನ್ನ ಪುರಾವೆ ಏನಾಗಿತ್ತೆಂದರೆ ಒಂದು ಮಗುವಿನ ನಿತ್ರಾಣ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅತ್ತೆ ಗೆದ್ದ ಮುಖ ಮಾಡುತ್ತಾರೆ ಎಂದು ಕಾದೆ. ಮಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು. ನೋಡಿದೆಯಾ, ಅಮ್ಮ ಹೋಗುವಾಗ ಮೈಯ ಶಕ್ತಿ ತೆಗೆದುಕೊಂಡು ಹೋಗಿದ್ದಾಳೆ, ಡಾಕ್ಟರೂ ಅದನ್ನೇ ಹೇಳಿದರು ಎಂದು ಅಪ್ಪನಿಗೆ ವಿವರಿಸತೊಡಗಿದರು. ಅಪ್ಪ ಹ್ಞೂಂ ಅಂದರು. ನನಗೆ ಅಲ್ಲೇ ರಸ್ತೆಯಲ್ಲಿ ಕೂತು ಕೂಗಬೇಕೆನಿಸಿತು. ಡಾಕ್ಟರು ಅದನ್ನೇ ಹೇಳಿರಲಿಲ್ಲ! ಹೇಳಿದ್ದು ವೈರಸ್ಸಿನ ಬಗ್ಗೆ, ಬಿಳಿ ರಕ್ತಕಣಗಳ ಬಗ್ಗೆ. ಆದರೆ ಅದನ್ನು ಎತ್ತಿ ಹೇಳುವ ಮುಖ ನನಗೆಲ್ಲಿತ್ತು. ಅತ್ತೆಯ ಕಾರಣ ತಪ್ಪು. ಅತ್ತೆಯ ಸುದ್ದಿ ಸರಿ. ಡಾಕ್ಟರಿಗೆ ಬೇಕಾಗಿದ್ದದ್ದು ಸುದ್ದಿ ಮಾತ್ರ. ಕಾರಣ ಹುಡುಕುವುದು ಅವರ ಕೆಲಸ, ಅದಕ್ಕೇ ಅವರು ಓದಿರುವುದು.

ಆ ದಿನದಿಂದ ನಾನು ಪ್ರಾಯಶ್ಚಿತ್ತ ಮಾಡಿಕೊಳ್ಳುವವಳ ಹಾಗೆ ಔಷಧಿಯ ಉಸ್ತುವಾರಿ ಹೊತ್ತೆ. ಆರು ತಿಂಗಳ ಮಾತ್ರೆಗಳು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಬೇಕು. ಡ್ರಾಯಿಂಗ್ ಹಾಳೆಯ ಮೇಲೆ ದಿನಕ್ಕೊಂದು ಚೌಕ ಹಾಕಿ ಗೋಡೆಗೆ ಅಂಟಿಸಿದೆ. ಆರೂಕಾಲಿಗೆ ತಂಗಿಯನ್ನು ಎಬ್ಬಿಸಿ, ಮಾತ್ರೆಗಳನ್ನು ಒಂದೊಂದಾಗಿ ನುಂಗಿಸಿ, ಬಾಯಿ ತೆರೆಸಿ ನಾಲಿಗೆಯಡಿ ನೋಡಿ, ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿ ಬಸ್ಸಿಗೆ ಓಡುತ್ತಿದ್ದೆ. ಒಂದು ದಿನವೂ ತಪ್ಪಲಿಲ್ಲ. ಮನೆಗೆ ಬಂದವರಿಗೆ ಆ ಹಾಳೆ ತೋರಿಸುತ್ತಿದ್ದೆ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅದನ್ನು ನೋಡಿ ತಂಗಿ ನಗುತ್ತಾಳೆ ಎಂದು ಅವ್ವ ಹೇಳಿದ್ದಳು. ಎಲ್ಲ ಸರಿಯಾಗಿಯೇ ಇತ್ತು.

ತಿಂಗಳ ಮೇಲೆ ಅತ್ತೆಯೂ ನಾನೂ ತಂಗಿಯನ್ನು ಕರೆದುಕೊಂಡು ಹಾಸನಕ್ಕೆ ಹೋದೆವು. ತೂಕದ ಯಂತ್ರದ ಮೇಲೆ ತಂಗಿ ನಿಂತಳು, ಮುಳ್ಳು ಹೋದ ಸಲ ನಿಂತಲ್ಲೇ ನಿಂತಿತು. ಕೆಮ್ಮೂ ಹೆಚ್ಚೇನೂ ಇಳಿದಿರಲಿಲ್ಲ. ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಇಷ್ಟು ದಿನಕ್ಕೆ ಬದಲಾವಣೆ ಕಾಣಬೇಕಿತ್ತು, ಔಷಧಿ ಹಿಡಿಯದಿದ್ದರೆ ಬೇರೆ ಯೋಚಿಸಬೇಕಾಗುತ್ತದೆ ಎಂದರು. ಮಾತ್ರೆ ಸರಿಯಾಗಿ ಕೊಡುತ್ತಿದ್ದೀರಾ? ನಾನು ಮಡಚಿ ತಂದಿದ್ದ ಹಾಳೆಯನ್ನು ಬಿಡಿಸಿ ಮೇಜಿನ ಮೇಲಿಟ್ಟೆ. ಸಾಲು ಸಾಲು ಕೆಂಪು ಟಿಕ್. ಅವರು ಹಾಳೆ ನೋಡಿ, ಮಗುವನ್ನು ನೋಡಿ, ಆಮೇಲೆ ಅತ್ತೆಯನ್ನು ಕೇಳಿದರು. ಮಗುವಿನ ಜೊತೆ ದಿನವಿಡೀ ಇರುವವರು ನೀವಲ್ಲವೇ, ನಿಮಗೇನು ಕಾಣುತ್ತದೆ?

ಅತ್ತೆ ನನ್ನ ಮುಖ ನೋಡಿದರು. ಹಾಲಿನವನು ಬಂದನಾ ಅಂದರೆ ಕೊಣನೂರು ಸಂತೆ ಸುತ್ತುವ ಹೆಂಗಸು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತಿದ್ದರು. ಹೇಳಿ ಅತ್ತೆ ಎಂದೆ.

"ನೀನೇ ಏಳಮ್ಮಿ. ಸಂಬಂಧ ಇರೋದ್ಯಾವ್ದು ಇಲ್ದಿರೋದ್ಯಾವ್ದು ನಂಗೇನ್ ಗೊತ್ತು."

ಹೀಯಾಳಿಕೆಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೇ ಅಪ್ಪಣೆಗೆ ಕಾಯುತ್ತಿದ್ದರು. ಇನ್ನೆರಡು ಸಲ ಹೇಳಿ ಹೇಳಿ ಎಂದೆ. ಎರಡನೇ ಸಲ ನನ್ನ ದನಿ ಏರಿತು, ಅವರು ಇನ್ನಷ್ಟು ಕುಗ್ಗಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನು ನೋಡುತ್ತಿದ್ದರು. ಆಗ ಎದ್ದೆ. ಹೊರಗಿರುತ್ತೇನೆ ಎಂದು ಹೇಳಿ ಬಾಗಿಲು ಎಳೆದುಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತೆ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆಮೇಲೆ ಅತ್ತೆಯ ದನಿ ಶುರುವಾಯಿತು. ಎಲ್ಲಿಂದ ಶುರುವಾಯಿತು ಅಂತೀರಿ, ಒಂಬತ್ತು ತಿಂಗಳ ಚುಚ್ಚುಮದ್ದಿನ ನೆಗಡಿಯಿಂದ. ಅಲ್ಲಿಂದ ಬೇವಿನ ಸೊಪ್ಪು, ಅಲ್ಲಿಂದ ಎಡೆ, ಅಲ್ಲಿಂದ ತಮ್ಮ ಗಂಡನಿಗೆ ಹಿಂದೆಂದೋ ಬಂದಿದ್ದ ಜ್ವರ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆ, ನೆಂಟರ ಮದುವೆ. ನಾನು ಬೆಂಚಿನ ಅಂಚು ಹಿಡಿದುಕೊಂಡು ಕೂತಿದ್ದೆ. ಅಮ್ಮ ಶಕ್ತಿ ತೆಗೆದುಕೊಂಡು ಹೋದಳು ಎಂಬುದು ಮೂರು ಸಲ ಬಂತು. ಮೂರು ಸಲವೂ ಎದ್ದು ಹೋಗಿ ತಿದ್ದಬೇಕು ಅನ್ನಿಸಿತು. ಡಾಕ್ಟರಮ್ಮ ಹ್ಞೂಂ, ಹ್ಞೂಂ ಅನ್ನುತ್ತಿದ್ದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಕೊನೆಗೆ, ಬೇರೇನೋ ಹೇಳುವ ನಡುವೆ, ಅದು ಬಂತು.

"ನುಂಗ್ತಾಳೆ, ಇಲ್ಲ ಅನ್ನಾಕಿಲ್ಲ. ಇವಳು ಬಸ್ಸಿಗೆ ಓದ್ಮ್ಯಾಕೆ ಇತ್ಲಲ್ಲಿ ವಾಂತಿ ಮಾಡ್ಕತಾಳೆ. ಮಾತ್ರೆ ಅಂಗಂಗೇ ಬಿದ್ದಿರ್ತವೆ. ನಾ ನೀರಾಕಿ ತೊಳೀತೀನಿ."

ದಿನವೂ? ವಾರದಲ್ಲಿ ನಾಲ್ಕು ದಿನ, ಐದು ದಿನ. ಯಾರಿಗೂ ಹೇಳಲಿಲ್ಲವಾ? ಗೋಡೆಯ ಮೇಲೆ ಟಿಕ್ ಬಿದ್ದುಬಿಟ್ಟಿರುತ್ತದೆ, ಅದರ ಮೇಲೆ ನಾನೇನು ಹೇಳುವುದು ಎಂದರು ಅತ್ತೆ. ತಂಗಿ ಬೇರೆ ಅಕ್ಕನಿಗೆ ಹೇಳಬೇಡ ಎಂದಿದ್ದಳಂತೆ. ಟಿಕ್ ಹೋಗಿಬಿಡುತ್ತದೆ ಎಂದು.

ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಹಾಳೆ ಇನ್ನೂ ಮೇಜಿನ ಮೇಲೆ ಬಿಡಿಸಿಯೇ ಇತ್ತು. ಒಂದು ಟಿಕ್ಕೂ ಸುಳ್ಳಲ್ಲ. ನುಂಗಿಸಿದ್ದು ನಿಜ. ನಾನು ಅಳೆಯುತ್ತಿದ್ದದ್ದು ನುಂಗಿಸಿದ್ದನ್ನು. ಹೊಟ್ಟೆಯಲ್ಲಿ ಉಳಿದದ್ದನ್ನು ಅಳೆಯುತ್ತಿದ್ದವರು ಹಿತ್ತಿಲಿನಲ್ಲಿ ಪೊರಕೆ ಹಿಡಿದುಕೊಂಡಿದ್ದರು. ಮಾತ್ರೆಯ ಸಮಯ ಬದಲಾಯಿತು. ಎರಡು ಚಮಚ ರಾಗಿ ಅಂಬಲಿ ಕುಡಿಸಿ, ಅರ್ಧ ಗಂಟೆಯ ಅಂತರದಲ್ಲಿ ಎರಡು ಕಂತಾಗಿ ಕೊಡಬೇಕು, ಆಮೇಲೆ ಒಂದು ಗಂಟೆ ಮಗುವನ್ನು ನೋಡುತ್ತಿರಬೇಕು, ಅದೂ ಅತ್ತೆಯೇ. ಹೊರಡುವ ಮುಂಚೆ ಡಾಕ್ಟರಮ್ಮ ತಂಗಿಯ ಇನ್ನೊಂದು ಮುಂಗೈಗೆ ಅದೇ ಚರ್ಮದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರು. ಕಾಯಿಲೆ ಯಾವುದೆಂದು ಗೊತ್ತೇ ಇದೆ, ಮೈ ಎದ್ದಿದೆಯೋ ಇಲ್ಲವೋ ನೋಡೋಣ ಎಂದರು.

ತಂಗಿ ಈಗ ಹಾಸನದಲ್ಲಿ ಪಿಯುಸಿ ಓದುತ್ತಿದ್ದಾಳೆ, ನನಗಿಂತ ಎತ್ತರ ಇದ್ದಾಳೆ, ಭಾಷಣ ಅಂದರೆ ಆಗುವುದಿಲ್ಲ. ಆ ವರ್ಷದ ತರಗತಿಯಲ್ಲಿ ಮಾತ್ರ ಮತ್ತೊಮ್ಮೆ ಕೂರಬೇಕಾಯಿತು. ನಾನು ಇಂದಿಗೂ ಎಡೆ ಇಟ್ಟಿಲ್ಲ, ಇಡುವುದೂ ಇಲ್ಲ. ಆ ಹಾಳೆಯಲ್ಲಿ ಎರಡನೇ ತಿಂಗಳಿನಿಂದ ಟಿಕ್ ಹಾಕಿದ್ದು ಅತ್ತೆ. ಪೆನ್ನು ಹಿಡಿದು ಅಭ್ಯಾಸವಿಲ್ಲದ್ದರಿಂದ ಅವು ಟಿಕ್ಕಿನ ಹಾಗೆ ಇರಲಿಲ್ಲ, ಕುಡುಗೋಲಿನ ಹಾಗಿದ್ದವು.

ಆ ಎರಡನೇ ಪರೀಕ್ಷೆ ಮಾಡಿಸಿದ ಮೂರನೇ ದಿನ ಸಂಜೆ ನಾನು ಬಸ್ಸಿಳಿದು ಬರುವಾಗ ತಂಗಿ ಗೇಟಿನ ಹತ್ತಿರವೇ ನಿಂತಿದ್ದಳು, ತೋಳು ಮುಂದೆ ಚಾಚಿಕೊಂಡು. ಬಾಲ್‌ಪೆನ್ನಿನ ವೃತ್ತದೊಳಗೆ ಗಂಟು ಎದ್ದಿತ್ತು. ಕೆಂಪಾಗಿ, ಗಟ್ಟಿಯಾಗಿ, ವೃತ್ತವನ್ನು ದಾಟಿ ಹೊರಗೂ ಬಂದ ಗಂಟು. ಅದನ್ನು ಯಾರಿಗೂ ಮುಟ್ಟಲು ಬಿಡದೆ ತಾನೇ ಸ್ಕೇಲಿಟ್ಟು ಅಳೆದು ತೋರಿಸಿದಳು. ಬೇರೆ ಮನೆಯಲ್ಲಾದರೆ ಇಂಥ ಗಂಟು ಕಂಡು ಅಳುತ್ತಾರೆ. ನಾನು ಜಗಲಿಯ ಮೇಲೆ ಕೂತು ಎಷ್ಟೋ ಹೊತ್ತು ಅದನ್ನೇ ನೋಡಿದೆ.

ಅತ್ತೆ ಒಳಗಿನಿಂದ ಬಂದು ಬಾಗಿ ನೋಡಿದರು. ಆಮೇಲೆ ನನ್ನನ್ನು, ಬಹಳ ಎಚ್ಚರಿಕೆಯಿಂದ, ಕೇಳಿದರು.

"ಅವತ್ತು ಏಳ್ದೆ ಇದ್ದುದ್ಕೂ ಇದುಕ್ಕೂ ಸಂಬಂಧ ಐತಾ?"

"ಇದೆ ಅತ್ತೆ," ಎಂದೆ. "ಆದರೆ ನೀವು ಅಂದುಕೊಂಡ ಹಾಗಲ್ಲ, ಅದು ಏನೆಂದರೆ ವೈರಸ್ಸು ಮೊದಲು..."

"ಐತಲ್ಲ, ಸಾಕು ಬುಡು," ಎಂದು ಅತ್ತೆ ಅಂಬಲಿ ಕಾಯಿಸಲು ಒಳಗೆ ಹೋದರು.